ಮನೆಯ ಆಡಿಯೊ ಉಪಕರಣಗಳ ಜೋಡಣೆ: ಕೇಬಲ್ ಮತ್ತು ಅಡಾಪ್ಟರ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಟಿ.ವಿ. ಬಂದ ಮೇಲೂ ಹಳೆಯ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳನ್ನು ಉಳಿಸಿಕೊಂಡವರು, ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರನ್ನು ಮತ್ತೆ ಕೆಳಗಿಳಿಸಿದವರು, ಫೋನಿನ ಹಾಡನ್ನು ದೊಡ್ಡ ಸ್ಪೀಕರ್‌ನಲ್ಲಿ ಕೇಳಬಯಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಯಾವ ಜೋಡಣೆಯಾದರೂ ಮೊದಲು ತಿಳಿಯಬೇಕಾದ ಸಂಗತಿಗಳು ಮೂರು: ಸಿಗ್ನಲ್ ಅನಲಾಗೋ ಡಿಜಿಟಲ್ಲೋ, ಅದರ ಮಟ್ಟ ಎಷ್ಟು, ಅದು ಯಾವ ಪೆಟ್ಟಿಗೆಯಿಂದ ಹೊರಟು ಯಾವ ಪೆಟ್ಟಿಗೆಗೆ ಹೋಗುತ್ತದೆ. ಪಿನ್ನಿನ ಆಕಾರವನ್ನು ನೋಡುವುದು ಇವೆಲ್ಲ ತಿಳಿದ ನಂತರದ ಕೆಲಸ.

ಪಿನ್ ಸಾಕೆಟ್‌ನಲ್ಲಿ ಸರಿಯಾಗಿಯೇ ಕೂತಿದೆ, ಆದರೂ ಸದ್ದು ಬರುತ್ತಿಲ್ಲ. ಕೇಬಲ್ ಕೆಟ್ಟಿದೆಯೇ?

ಹೊಸ ಕೇಬಲ್ ಆಗಿದ್ದರೆ ಅದರ ಮೇಲೆ ಅನುಮಾನ ಪಡುವ ಮೊದಲು ಅದು ಕೂತಿರುವ ಜಾಗವನ್ನು ನೋಡಬೇಕು. ಆರ್‌ಸಿಎ ಎಂದು ಕರೆಯುವ ದುಂಡನೆಯ ಸಾಕೆಟ್ ಒಂದೇ ಆಕಾರದಲ್ಲಿದ್ದರೂ ಹಲವು ಕೆಲಸಗಳಿಗೆ ಬಳಕೆಯಾಗುತ್ತದೆ. ಬಿಳಿ ಬಣ್ಣದ್ದು ಎಡ ಚಾನೆಲ್‌ಗೆ, ಕೆಂಪು ಬಲ ಚಾನೆಲ್‌ಗೆ, ಹಳದಿ ಚಿತ್ರಕ್ಕೆ, ಕಿತ್ತಳೆ ಡಿಜಿಟಲ್ ಆಡಿಯೊಗೆ ಮೀಸಲು. ಕಿತ್ತಳೆ ಸಾಕೆಟ್‌ನಿಂದ ಹೊರಟ ತಂತಿಯನ್ನು ಆಂಪ್ಲಿಫೈಯರಿನ ಕೆಂಪು ಸಾಕೆಟ್‌ಗೆ ಚುಚ್ಚಿದರೆ ಪಿನ್ ಸಲೀಸಾಗಿ ಒಳಹೋಗುತ್ತದೆ, ಹಾಡು ಮಾತ್ರ ಬರುವುದಿಲ್ಲ. ಹೆಚ್ಚೆಂದರೆ ಕರಕರ ಸದ್ದು ಕೇಳಿಸೀತು.

ಎರಡನೆಯದಾಗಿ ದಿಕ್ಕನ್ನು ನೋಡಬೇಕು. ಒಂದು ಪೆಟ್ಟಿಗೆಯ 'ಔಟ್' ಇನ್ನೊಂದು ಪೆಟ್ಟಿಗೆಯ 'ಇನ್'ಗೆ ಸೇರಬೇಕು. ಟೇಪ್ ಡೆಕ್ ಜೋಡಿಸುವ ಜಾಗದಲ್ಲಿ ಎರಡು ಜೊತೆ ಸಾಕೆಟ್‌ಗಳು ಅಕ್ಕಪಕ್ಕದಲ್ಲೇ ಇರುವುದರಿಂದ ತಪ್ಪುವುದು ಅಲ್ಲೇ ಹೆಚ್ಚು. ಇವೆರಡೂ ಸರಿಯಿದ್ದರೆ ಆಂಪ್ಲಿಫೈಯರಿನ ಮುಂಭಾಗದ ಸೆಲೆಕ್ಟರ್ ಗುಂಡಿ ನೀವು ಪಿನ್ ಚುಚ್ಚಿದ ಇನ್‌ಪುಟ್‌ನ ಹೆಸರಿನ ಮೇಲೆಯೇ ಇದೆಯೇ ಎಂದು ನೋಡಿ. ಹಾಸ್ಯವೆನಿಸಬಹುದು, ಆದರೆ ರಿಪೇರಿಗೆಂದು ಹೊತ್ತೊಯ್ದ ಆಂಪ್‌ಗಳು ಅಂಗಡಿಯ ಮೇಜಿನ ಮೇಲೆ ಸರಿಹೋಗುವುದು ಹಲವು ಸಲ ಈ ಗುಂಡಿಯಿಂದಲೇ.

ಅಂಗಡಿಯಲ್ಲಿ ಯಾವ ಹೆಸರು ಹೇಳಿ ಕೇಳಬೇಕು?

ಇಯರ್‌ಫೋನಿನಲ್ಲಿರುವ 3.5 ಮಿ.ಮೀ. ಪಿನ್ನಿಗೆ ಬಿಡಿಭಾಗಗಳ ಅಂಗಡಿಗಳಲ್ಲಿ ಇ.ಪಿ. ಪಿನ್ ಅಥವಾ ಸ್ಟೀರಿಯೊ ಪಿನ್ ಎನ್ನುತ್ತಾರೆ. ಮೈಕ್ ಮತ್ತು ಗಿಟಾರ್‌ಗಳಲ್ಲಿ ಕಾಣುವ 6.35 ಮಿ.ಮೀ. ದಪ್ಪನೆಯ ಪಿನ್ನಿಗೆ ಪಿ-38 ಎಂಬ ಹೆಸರಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ 'ಇ.ಪಿ. ಸ್ಟೀರಿಯೊ ಟು ಎರಡು ಆರ್‌ಸಿಎ, ಮೂರು ಮೀಟರ್' ಎಂದರೆ ಸಾಕು. ಸ್ಟೀರಿಯೊ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಪಿನ್ನಿನ ಮೇಲೆ ಒಂದು ಕಪ್ಪು ಉಂಗುರವಿದ್ದರೆ ಅದು ಮೋನೊ, ಎರಡಿದ್ದರೆ ಸ್ಟೀರಿಯೊ, ಮೂರಿದ್ದರೆ ಮೈಕ್ ಕೂಡ ಸೇರಿರುವ ಪಿನ್. ಮೋನೊ ಪಿನ್ನನ್ನು ಸ್ಟೀರಿಯೊ ಜಾಕ್‌ಗೆ ತುರುಕಿದರೆ ಬಲ ಚಾನೆಲ್ ನೇರವಾಗಿ ಗ್ರೌಂಡ್‌ಗೆ ತಾಗಿ ಶಾರ್ಟ್ ಆಗುತ್ತದೆ.

ಫೋನ್ ಅಥವಾ ಲ್ಯಾಪ್‌ಟಾಪನ್ನು ಹಳೆಯ ಆಂಪ್ಲಿಫೈಯರ್‌ಗೆ ಜೋಡಿಸುವುದು ಹೇಗೆ?

ಮೇಲೆ ಹೇಳಿದ ಕೇಬಲ್ಲನ್ನು ಹೆಡ್‌ಫೋನ್ ಜಾಕ್‌ನಿಂದ ಆಂಪ್ಲಿಫೈಯರಿನ ಆಕ್ಸ್, ಟೇಪ್, ಟ್ಯೂನರ್ ಅಥವಾ ಸಿ.ಡಿ. ಎಂಬ ಯಾವುದಾದರೂ ಇನ್‌ಪುಟ್‌ಗೆ ಹಾಕಬಹುದು. ಇವೆಲ್ಲವೂ ಲೈನ್ ಮಟ್ಟದವು, ಅಂದರೆ ಟೇಪ್ ಡೆಕ್, ಸಿ.ಡಿ. ಪ್ಲೇಯರಿನಂತಹ ಪೆಟ್ಟಿಗೆಗಳು ಕೊಡುವ ಸಾಮಾನ್ಯ ಬಲದ ಸಿಗ್ನಲ್ಲಿಗೆ ಮಾಡಿದವು. ಹೆಸರು ಬೇರೆಯಾದರೂ ಕೆಲಸ ಒಂದೇ. 'ಫೋನೊ' ಎಂದು ಬರೆದಿರುವ ಇನ್‌ಪುಟ್‌ಗೆ ಮಾತ್ರ ಹಾಕಬಾರದು. ಅದಿರುವುದು ಮೊಬೈಲ್ ಫೋನಿಗಲ್ಲ, ಗ್ರಾಮೊಫೋನ್ ರೆಕಾರ್ಡ್ ಪ್ಲೇಯರಿಗೆ.

ಫೋನಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಮೇಲಿಟ್ಟು, ಬೇಕಾದಷ್ಟು ಸದ್ದನ್ನು ಆಂಪ್ಲಿಫೈಯರ್‌ನಲ್ಲಿ ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ. ಫೋನಿನಲ್ಲಿ ತಗ್ಗಿಸಿ ಆಂಪ್‌ನಲ್ಲಿ ಏರಿಸಿದರೆ ಹಾಡಿನ ಜೊತೆ ಹಿನ್ನೆಲೆಯ ಶಬ್ದವೂ ಏರುತ್ತದೆ.

ಹೊಸ ಫೋನಿನಲ್ಲಿ ಜಾಕ್ ಇಲ್ಲ. ಟೈಪ್-ಸಿ ಅಡಾಪ್ಟರ್ ಕೊಂಡರೂ ಕೆಲಸ ಮಾಡುತ್ತಿಲ್ಲ. ಏಕೆ?

ಟೈಪ್-ಸಿಯಿಂದ 3.5 ಮಿ.ಮೀ.ಗೆ ಬದಲಿಸುವ ಅಡಾಪ್ಟರ್‌ಗಳಲ್ಲಿ ಎರಡು ಜಾತಿಗಳಿವೆ. ಒಂದರಲ್ಲಿ ತಂತಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಫೋನೇ ಟೈಪ್-ಸಿ ಕಿಂಡಿಯ ಮೂಲಕ ಅನಲಾಗ್ ಸಿಗ್ನಲ್ ಕೊಡಬೇಕಾಗುತ್ತದೆ. ಇನ್ನೊಂದರೊಳಗೆ ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್‌ಗೆ ಬದಲಿಸುವ ಡಿಎಸಿ ಎಂಬ ಪುಟ್ಟ ಚಿಪ್ ಇರುತ್ತದೆ. ಅನಲಾಗ್ ಹೊರಕಳಿಸುವ ಸೌಲಭ್ಯ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಮೊದಲ ಜಾತಿಯದು ಅದರ ಪಾಲಿಗೆ ಬರೀ ಪ್ಲಾಸ್ಟಿಕ್ ತುಂಡು. ನೋಡುವುದಕ್ಕೆ ಎರಡೂ ಒಂದೇ ರೀತಿ ಇರುವುದರಿಂದ, ಪೊಟ್ಟಣದ ಮೇಲೆ ಡಿಎಸಿ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳುವುದು ಕ್ಷೇಮ.

ಹೊಸ ಟಿ.ವಿ.ಯಲ್ಲಿ ಕೆಂಪು-ಬಿಳಿ ಔಟ್ ಸಾಕೆಟ್‌ಗಳೇ ಇಲ್ಲ, ಆಪ್ಟಿಕಲ್ ಮಾತ್ರ ಇದೆ. ಹಳೆಯ ಆಂಪ್ಲಿಫೈಯರ್‌ಗೆ ಹೇಗೆ ಜೋಡಿಸಲಿ?

ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆಪ್ಟಿಕಲ್ ಎಂದರೆ ತೋಷಿಬಾ ಕಂಪನಿ 1983ರಲ್ಲಿ ಬಳಕೆಗೆ ತಂದ, ಬೆಳಕಿನ ಮೂಲಕ ಡಿಜಿಟಲ್ ಸಿಗ್ನಲ್ ಸಾಗಿಸುವ ತಂತು. ಹಳೆಯ ಆಂಪ್‌ಗೆ ಈ ಸಿಗ್ನಲ್ ಅರ್ಥವಾಗದ ಕಾರಣ, ನಡುವೆ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವ ಡಿಎಸಿ ಡಬ್ಬಿಯೊಂದು ಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾಗಿರುವ ಈ ಡಬ್ಬಿಗೆ 5 ವೋಲ್ಟ್ ವಿದ್ಯುತ್ ಬೇಕಾಗುತ್ತದೆ, ಅದನ್ನು ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದಲೇ ಪಡೆಯಬಹುದು. ಟಿ.ವಿ.ಯಿಂದ ಡಬ್ಬಿಗೆ ಆಪ್ಟಿಕಲ್ ತಂತು, ಡಬ್ಬಿಯಿಂದ ಆಂಪ್ಲಿಫೈಯರ್‌ಗೆ ಕೆಂಪು-ಬಿಳಿ ಕೇಬಲ್ ಹಾಕಿದರೆ ಜೋಡಣೆ ಮುಗಿಯಿತು.

ಇಷ್ಟು ಮಾಡಿದ ಮೇಲೂ ಸದ್ದು ಬಾರದಿದ್ದರೆ ಮೂರು ಕಡೆ ನೋಡಬೇಕು. ಹೊಸ ಆಪ್ಟಿಕಲ್ ತಂತುವಿನ ಎರಡೂ ತುದಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಹಾಕಿರುತ್ತಾರೆ. ಅದನ್ನು ತೆಗೆಯದೆಯೇ ಒತ್ತಿ, ತಂತು ಕೂರುತ್ತಿಲ್ಲವೆಂದು ದೂರುವವರಿದ್ದಾರೆ. ಟಿ.ವಿ. ಚಾಲೂ ಇದ್ದಾಗ ತಂತುವಿನ ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಸಣ್ಣ ಕೆಂಪು ಚುಕ್ಕೆ ಕಾಣಬೇಕು, ಕಾಣದಿದ್ದರೆ ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಆಪ್ಟಿಕಲ್ ಔಟ್ ಆರಿಸಿಲ್ಲ ಅಥವಾ ತಂತು ಎಲ್ಲೋ ಮಡಿಚಿ ಮುರಿದಿದೆ ಎಂದರ್ಥ. ಚುಕ್ಕೆ ಕಂಡೂ ಹಾಡು ಬಾರದಿದ್ದರೆ, ಅಥವಾ ಬರೀ ಸರಸರ ಸದ್ದು ಬಂದರೆ, ಟಿ.ವಿ. ಡಾಲ್ಬಿ ರೂಪದಲ್ಲಿ ಸಿಗ್ನಲ್ ಕಳಿಸುತ್ತಿರುತ್ತದೆ, ಅಗ್ಗದ ಡಬ್ಬಿಗೆ ಅದನ್ನು ಬಿಡಿಸಲು ಬರುವುದಿಲ್ಲ. ಡಿಜಿಟಲ್ ಆಡಿಯೊ ಔಟ್ ಎಂಬ ಮೆನುವಿನಲ್ಲಿ ಆಟೋ ಅಥವಾ ಬಿಟ್‌ಸ್ಟ್ರೀಮ್ ಇದ್ದುದನ್ನು ಪಿಸಿಎಂಗೆ, ಅಂದರೆ ಡಾಲ್ಬಿಯಂತೆ ಬಿಡಿಸಬೇಕಿಲ್ಲದ ಸಾದಾ ಡಿಜಿಟಲ್ ರೂಪಕ್ಕೆ, ಬದಲಿಸಿದ ಕೂಡಲೇ ಬಹುಪಾಲು ತೊಂದರೆಗಳು ಅಲ್ಲಿಗೇ ನಿಲ್ಲುತ್ತವೆ.

ಟಿ.ವಿ.ಯ ವಾಲ್ಯೂಮ್ ರಿಮೋಟ್ ಒತ್ತಿದರೆ ಈ ಜೋಡಣೆಯಲ್ಲಿ ಸದ್ದು ಏರಿಳಿಯದಿರುವುದು ದೋಷವೇನಲ್ಲ. ಆಪ್ಟಿಕಲ್ ಮೂಲಕ ಹೋಗುವ ಸಿಗ್ನಲ್ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿರುತ್ತದೆ, ಆದ್ದರಿಂದ ಆಂಪ್ಲಿಫೈಯರಿನ ಗುಂಡಿಯನ್ನೇ ತಿರುಗಿಸಬೇಕು. ಮನೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿಡುವುದು ಒಳ್ಳೆಯದು.

ಎಚ್‌ಡಿಎಂಐ ಎಆರ್‌ಸಿ ಎಂದರೇನು? ಸೌಂಡ್‌ಬಾರ್‌ಗೆ ಅದೇ ಬೇಕೇ?

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಮತ್ತು ಧ್ವನಿ ಟಿ.ವಿ.ಯ ಒಳಗೆ ಬರುತ್ತವೆ. ಅದೇ ಕೇಬಲ್‌ನಲ್ಲಿ ಟಿ.ವಿ.ಯಿಂದ ಧ್ವನಿಯನ್ನು ಹೊರಗೆ, ಸೌಂಡ್‌ಬಾರ್ ಕಡೆಗೆ ಕಳಿಸುವ ವ್ಯವಸ್ಥೆಯೇ ಎಆರ್‌ಸಿ. 2009ರ ಎಚ್‌ಡಿಎಂಐ 1.4 ಆವೃತ್ತಿಯೊಂದಿಗೆ ಇದು ಬಂತು. ಹೆಚ್ಚು ಸಾಮರ್ಥ್ಯದ ಇ-ಎಆರ್‌ಸಿ 2017ರ 2.1 ಆವೃತ್ತಿಯದು. ಟಿ.ವಿ.ಯ ಹಿಂದೆ ಮೂರು ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದರೂ ಎಆರ್‌ಸಿ ಎಂದು ಬರೆದಿರುವುದು ಸಾಮಾನ್ಯವಾಗಿ ಒಂದು ಮಾತ್ರ, ಕೇಬಲ್ ಅದಕ್ಕೇ ಬೀಳಬೇಕು. ಜೊತೆಗೆ ಮೆನುವಿನಲ್ಲಿ ಒಂದು ಉಪಕರಣ ಇನ್ನೊಂದನ್ನು ಇದೇ ಕೇಬಲ್ ಮೂಲಕ ನಿಯಂತ್ರಿಸುವ ಸಿಇಸಿ ಎಂಬ ಸೌಲಭ್ಯವನ್ನು ಆನ್ ಮಾಡಬೇಕು. ಇದಕ್ಕೆ ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎಂದೂ ಎಲ್‌ಜಿ ಸಿಂಪ್ಲಿಂಕ್ ಎಂದೂ ಸೋನಿ ಬ್ರಾವಿಯಾ ಸಿಂಕ್ ಎಂದೂ ತಮ್ಮ ತಮ್ಮ ಹೆಸರಿಟ್ಟುಕೊಂಡಿರುವುದರಿಂದ ಮೆನುವಿನಲ್ಲಿ ಹುಡುಕುವವರು ತಬ್ಬಿಬ್ಬಾಗುವುದು ಸಹಜ.

ಟಿ.ವಿ.ಯ ರಿಮೋಟಿನಲ್ಲೇ ಸೌಂಡ್‌ಬಾರ್‌ನ ಸದ್ದು ಏರಿಳಿಯುವುದು ಎಆರ್‌ಸಿಯ ನಿಜವಾದ ಅನುಕೂಲ. ಬರೀ ಸ್ಟೀರಿಯೊ ಕೇಳುವವರಿಗೆ ಧ್ವನಿಯ ಗುಣದಲ್ಲಿ ಆಪ್ಟಿಕಲ್‌ಗೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಡಾಲ್ಬಿ ಅಟ್ಮೋಸ್ ಬೇಕೆನ್ನುವವರಿಗೆ ಮಾತ್ರ ಆಪ್ಟಿಕಲ್ ಸಾಲದು.

ನಮ್ಮ 5.1 ಹೋಮ್ ಥಿಯೇಟರ್‌ಗೆ ಸೆಟ್ ಟಾಪ್ ಬಾಕ್ಸ್ ಜೋಡಿಸಿದರೆ ಹಿಂದಿನ ಸ್ಪೀಕರ್‌ಗಳು ಮೌನವಾಗಿರುತ್ತವೆ. ಏಕೆ?

ಕೆಂಪು-ಬಿಳಿ ಕೇಬಲ್‌ನಲ್ಲಿ ಹೋಗುವುದು ಎರಡೇ ಚಾನೆಲ್. ಅದನ್ನು ಆರು ಸ್ಪೀಕರ್‌ಗಳಿಗೆ ಹಂಚುವ ಡಿಕೋಡರ್ ನಿಮ್ಮ ಹೋಮ್ ಥಿಯೇಟರಿನೊಳಗೆ ಇಲ್ಲದಿದ್ದರೆ ಹಿಂದಿನವು ಸುಮ್ಮನಿರುತ್ತವೆ, ಅಥವಾ ಮುಂದಿನದನ್ನೇ ಪುನರಾವರ್ತಿಸುತ್ತವೆ. ಆರು ಆರ್‌ಸಿಎ ಇನ್‌ಪುಟ್‌ಗಳಿರುವ ಅಗ್ಗದ ಸೆಟ್‌ಗಳಿಗೆ ಆರು ಬೇರೆ ಬೇರೆ ಸಿಗ್ನಲ್‌ಗಳನ್ನು ಕೊಡಬೇಕು. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂದೆ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು 3.5 ಮಿ.ಮೀ. ಜಾಕ್‌ಗಳಿದ್ದರೆ ಅಲ್ಲಿಂದ ಮೂರು ಇ.ಪಿ. ಟು ಆರ್‌ಸಿಎ ಕೇಬಲ್‌ಗಳನ್ನು ಎಳೆಯಬಹುದು: ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್‌ಗೆ.

ರೆಕಾರ್ಡ್ ಪ್ಲೇಯರನ್ನು ಆಕ್ಸ್‌ಗೆ ಹಾಕಿದರೆ ಹಾಡು ಬಹಳ ಕ್ಷೀಣವಾಗಿ, ತೆಳ್ಳಗೆ ಕೇಳುತ್ತದೆ. ಸೂಜಿ ಸವೆದಿದೆಯೇ?

ಸೂಜಿಯ ದೋಷವಲ್ಲ. ಸೂಜಿಯನ್ನು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ನಿಂದ ಹೊರಡುವ ಸಿಗ್ನಲ್ ಸುಮಾರು 5 ಮಿಲಿವೋಲ್ಟ್. ಆಕ್ಸ್ ಇನ್‌ಪುಟ್ ಎದುರು ನೋಡುವುದು 300 ಮಿಲಿವೋಲ್ಟ್ ಅಥವಾ ಅದಕ್ಕೂ ಹೆಚ್ಚು, ಸಿ.ಡಿ. ಪ್ಲೇಯರ್ ಕೊಡುವುದು ಗರಿಷ್ಠ 2 ವೋಲ್ಟ್. ಇದರ ಮೇಲೆ ಇನ್ನೊಂದು ತೊಡಕಿದೆ. ಎಲ್‌ಪಿ ತಟ್ಟೆಯಲ್ಲಿ ಗೀರು ಕೊರೆಯುವಾಗ, ಗೀರು ತೀರಾ ಅಗಲವಾಗದಿರಲೆಂದು ಕೆಳಸ್ವರಗಳನ್ನು ತಗ್ಗಿಸಿ, ಸರಸರ ಸದ್ದು ಅಡಗಲೆಂದು ಮೇಲುಸ್ವರಗಳನ್ನು ಹಿಗ್ಗಿಸಿರುತ್ತಾರೆ. ನುಡಿಸುವಾಗ ಇದನ್ನು ತಿರುಗುಮುರುಗು ಮಾಡಬೇಕು. 1954ರಿಂದ ಬಳಕೆಗೆ ಬಂದ ಆರ್‌ಐಎಎ ಎಂಬ ಈ ಲೆಕ್ಕಾಚಾರವನ್ನು ನೆರವೇರಿಸಿ, ಸಿಗ್ನಲ್ಲನ್ನೂ ದೊಡ್ಡದು ಮಾಡುವ ಭಾಗಕ್ಕೆ ಫೋನೊ ಪ್ರಿಆಂಪ್ ಎನ್ನುತ್ತಾರೆ. ಆಂಪ್ಲಿಫೈಯರ್‌ನಲ್ಲಿ ಫೋನೊ ಇನ್‌ಪುಟ್ ಇದ್ದರೆ ಅದು ಒಳಗೇ ಇರುತ್ತದೆ, ಇಲ್ಲವಾದರೆ ಪ್ರತ್ಯೇಕ ಡಬ್ಬಿ ಕೊಳ್ಳಬೇಕು. ಈಗಿನ ಹಲವು ಟರ್ನ್‌ಟೇಬಲ್‌ಗಳ ಹಿಂಭಾಗದಲ್ಲಿ ಫೋನೊ-ಲೈನ್ ಎಂಬ ಸಣ್ಣ ಸ್ವಿಚ್ ಇರುತ್ತದೆ; ಲೈನ್ ಕಡೆ ತಳ್ಳಿದರೆ ನೇರವಾಗಿ ಆಕ್ಸ್‌ಗೆ ಹಾಕಬಹುದು. ಸ್ವಿಚ್ ಲೈನ್‌ನಲ್ಲಿಟ್ಟು ಕೇಬಲ್ಲನ್ನು ಫೋನೊ ಇನ್‌ಪುಟ್‌ಗೆ ಹಾಕಿದರೆ ಎರಡು ಸಲ ಹಿಗ್ಗಿದ ಸಿಗ್ನಲ್ ಕಿವಿಗಡಚಿಕ್ಕುವಂತೆ ಒಡೆದು ಕೇಳುತ್ತದೆ.

ಆರ್‌ಸಿಎ ಕೇಬಲ್‌ಗಳ ಜೊತೆಗೆ ಬರುವ ತೆಳ್ಳನೆಯ ಒಂಟಿ ತಂತಿಯನ್ನು ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂಗೆ ಬಿಗಿಯಲೇಬೇಕು. ಅದನ್ನು ಬಿಟ್ಟರೆ ಗುಂಯ್ ಎಂಬ ಸದ್ದು ಖಚಿತ. ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗಳ ಗೀರು ಎಲ್‌ಪಿಯದಕ್ಕಿಂತ ಹೆಚ್ಚು ಅಗಲವಾದ್ದರಿಂದ ಅವಕ್ಕೆ ಬೇರೆಯದೇ ಸೂಜಿ ಬೇಕು.

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ?

ತಾಳಮದ್ದಳೆ, ಹರಿಕಥೆ, ಮನೆಯವರ ಹಾಡು ಎಂದು ಕ್ಯಾಸೆಟ್‌ಗಳನ್ನು ಜೋಪಾನ ಮಾಡಿದವರು ಈ ಕೆಲಸವನ್ನು ಮುಂದೂಡಬಾರದು, ಏಕೆಂದರೆ ಟೇಪಿಗಿಂತ ಮೊದಲು ಅದನ್ನು ನುಡಿಸುವ ಯಂತ್ರಗಳೇ ಕೈಕೊಡುತ್ತಿವೆ. ಡೆಕ್‌ನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ಕೇಬಲ್ ಹೋಗಬೇಕು. ಡೆಸ್ಕ್‌ಟಾಪ್‌ಗಳಲ್ಲಿ ಇದು ನೀಲಿ ಬಣ್ಣದ ಜಾಕ್. ಲ್ಯಾಪ್‌ಟಾಪ್‌ಗಳಲ್ಲಿ ಈಗ ಇರುವ ಒಂಟಿ ಜಾಕ್ ಹೆಡ್‌ಸೆಟ್‌ಗೆಂದು ಮಾಡಿದ್ದು. ಅದರ ಒಳಬರುವ ದಾರಿ ಮೋನೊ, ಅದೂ ಮೈಕ್ ಮಟ್ಟದ್ದು. ಆದ್ದರಿಂದ ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಬೇಕು. ತೀರಾ ಅಗ್ಗದವುಗಳಲ್ಲಿ ಮೈಕ್ ಇನ್ ಮಾತ್ರ ಇರುವುದನ್ನು ಗಮನಿಸಿ.

ಮನೆಯಲ್ಲಿರುವುದು ಟೂ-ಇನ್-ಒನ್ ಆಗಿದ್ದು ಅದರಲ್ಲಿ ಲೈನ್ ಔಟ್ ಇಲ್ಲದಿದ್ದರೆ ಹೆಡ್‌ಫೋನ್ ಜಾಕನ್ನೇ ಬಳಸಬಹುದು. ವಾಲ್ಯೂಮನ್ನು ಸೊನ್ನೆಯಿಂದ ಆರಂಭಿಸಿ ನಿಧಾನವಾಗಿ ಏರಿಸಿ, ಆಡಾಸಿಟಿಯಂತಹ ಉಚಿತ ತಂತ್ರಾಂಶದ ಮೀಟರ್‌ನಲ್ಲಿ ಅತಿ ಜೋರಾದ ಜಾಗವೂ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಬೇಕು. ಚೆಂಡೆಯ ಏಟು ಭಾಗವತರ ದನಿಗಿಂತ ಎಷ್ಟು ಮೇಲೇರುತ್ತದೆ ಎಂಬುದು ಮೀಟರ್ ನೋಡಿದಾಗಲೇ ತಿಳಿಯುವುದು. ಆದ್ದರಿಂದ ಮಟ್ಟವನ್ನು ಹೊಂದಿಸುವಾಗ ಪದ್ಯದ ಆರಂಭಕ್ಕಿಂತ ಯುದ್ಧದ ಸಂದರ್ಭವನ್ನು ಹಾಕಿ ನೋಡಿ. 44.1 ಕಿಲೊಹರ್ಟ್ಸ್, 16 ಬಿಟ್‌ನಲ್ಲಿ ದಾಖಲಿಸಿದರೆ 90 ನಿಮಿಷದ ಕ್ಯಾಸೆಟ್‌ಗೆ ಸುಮಾರು 950 ಎಂ.ಬಿ. ಜಾಗ ಬೇಕು. ದಾಖಲಿಸುವ ಮುನ್ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹತ್ತಿಗೆ ಕಂದು ಬಣ್ಣ ಮೆತ್ತಿಕೊಳ್ಳುವುದು ನಿಲ್ಲುವವರೆಗೂ ಒರೆಸಬೇಕು.

ಎಲ್ಲ ಜೋಡಿಸಿದ ಮೇಲೆ ಗುಂಯ್ ಎಂಬ ಸದ್ದು ನಿಲ್ಲುತ್ತಲೇ ಇಲ್ಲ. ಪರಿಹಾರವೇನು?

ನಮ್ಮ ಮನೆಗಳ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಆ 50 ಹರ್ಟ್ಸ್, ಅಥವಾ ಅದರ ಎರಡರಷ್ಟಾದ 100 ಹರ್ಟ್ಸ್, ಆಡಿಯೊ ತಂತಿಯೊಳಗೆ ನುಸುಳಿದಾಗ ಈ ಸದ್ದು ಹುಟ್ಟುತ್ತದೆ. ಎರಡು ಉಪಕರಣಗಳು ಎರಡು ಬೇರೆ ದಾರಿಗಳಲ್ಲಿ ಭೂಮಿಗೆ ಸೇರಿ, ಅವುಗಳ ನಡುವಿನ ಆಡಿಯೊ ಕೇಬಲ್ ಆ ವೃತ್ತವನ್ನು ಪೂರ್ತಿ ಮಾಡಿದಾಗ ಉಂಟಾಗುವ ಗ್ರೌಂಡ್ ಲೂಪ್ ಇದಕ್ಕೆ ಮುಖ್ಯ ಕಾರಣ.

ಮೊದಲು ಆಂಪ್ಲಿಫೈಯರಿನ ಎಲ್ಲ ಇನ್‌ಪುಟ್ ಕೇಬಲ್‌ಗಳನ್ನು ಕಳಚಿ. ಆಗಲೂ ಸದ್ದಿದ್ದರೆ ದೋಷ ಆಂಪ್ಲಿಫೈಯರಿನದೇ, ಬಹುಶಃ ಅದರ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಸದ್ದು ನಿಂತರೆ ಒಂದೊಂದೇ ಕೇಬಲ್ ಮತ್ತೆ ಹಾಕುತ್ತಾ ಯಾವುದರಿಂದ ಸದ್ದು ಮರಳುತ್ತದೆ ಎಂದು ನೋಡಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಟಿ.ವಿ. ಅಥವಾ ಸೆಟ್ ಟಾಪ್ ಬಾಕ್ಸ್ ಆಗಿದ್ದರೆ ಹೊರಗಿನಿಂದ ಬರುವ ಕೇಬಲ್ ಅಥವಾ ಡಿಶ್ ತಂತಿಯನ್ನು ಕ್ಷಣಕಾಲ ಬಿಚ್ಚಿ ನೋಡಿ. ಅಪರಾಧಿ ಅಲ್ಲೇ ಸಿಗುವುದುಂಟು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸ್ವಿಚ್ ಬೋರ್ಡಿನಿಂದ ವಿದ್ಯುತ್ ಕೊಟ್ಟರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಆಡಿಯೊ ಕೇಬಲ್ಲಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಇದೆ. ಆಪ್ಟಿಕಲ್ ತಂತುವಿನಲ್ಲಿ ವಿದ್ಯುತ್ತೇ ಹರಿಯದ ಕಾರಣ, ಸಾಧ್ಯವಿರುವ ಕಡೆ ಅದನ್ನು ಬಳಸಿದರೆ ಆ ದಾರಿಯ ಲೂಪ್ ಕಡಿದುಹೋಗುತ್ತದೆ.

ಮೂರು ಪಿನ್ನಿನ ಪ್ಲಗ್‌ನಿಂದ ಅರ್ಥ್ ಪಿನ್ನನ್ನು ಕಿತ್ತರೆ ಸದ್ದು ನಿಲ್ಲುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ನಿಲ್ಲಲೂಬಹುದು. ಆದರೆ ಒಳಗೆ ಎಲ್ಲಾದರೂ ಕರೆಂಟ್ ಸೋರಿದರೆ ಆಂಪ್ಲಿಫೈಯರಿನ ಲೋಹದ ಕವಚಕ್ಕೆ 230 ವೋಲ್ಟ್ ಬಂದು, ಅದನ್ನು ಮುಟ್ಟಿದವರ ಜೀವಕ್ಕೆ ಸಂಚಕಾರ. ಯಾವ ಕಾರಣಕ್ಕೂ ಹೀಗೆ ಮಾಡಬಾರದು.

ಸ್ಪೀಕರ್‌ಗೆ ಎಷ್ಟು ದಪ್ಪದ ವೈರ್ ಬೇಕು?

ದೂರ ಮತ್ತು ಸ್ಪೀಕರಿನ ಓಮ್ ಸಂಖ್ಯೆ ಇದನ್ನು ನಿರ್ಧರಿಸುತ್ತವೆ. ಅಂಗಡಿಗಳಲ್ಲಿ 14/76, 23/76, 40/76 ಎಂದು ವೈರ್ ಸಿಗುತ್ತದೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಪ್ರತಿ ಎಳೆಯ ದಪ್ಪವನ್ನು ಇಂಚಿನ ಲೆಕ್ಕದಲ್ಲಿ ಹೇಳುತ್ತದೆ (76 ಎಂದರೆ 0.0076 ಇಂಚು). ಹತ್ತು ಮೀಟರ್ ದೂರಕ್ಕೆ 14/76 ಎಳೆದರೆ ಹೋಗಿಬರುವ ದಾರಿಯ ಒಟ್ಟು ರೋಧ ಸುಮಾರು 0.8 ಓಮ್, 40/76 ಎಳೆದರೆ ಸುಮಾರು 0.3 ಓಮ್. ವೈರಿನ ರೋಧ ಸ್ಪೀಕರಿನ ಓಮ್‌ನ ಶೇಕಡಾ 5ರೊಳಗಿರಬೇಕು ಎಂಬ ಸಾಮಾನ್ಯ ನಿಯಮದಂತೆ 8 ಓಮ್ ಸ್ಪೀಕರಿಗೆ 40/76 ಸಾಕು. ಅದೇ ದೂರದಲ್ಲಿ 4 ಓಮ್ ಸ್ಪೀಕರ್ ಇದ್ದರೆ 2.5 ಚದರ ಮಿ.ಮೀ. ವೈರ್ ಹಾಕುವುದು ಉತ್ತಮ.

ತುದಿಯ ಹೊದಿಕೆಯನ್ನು ಒಂದು ಸೆಂ.ಮೀ.ನಷ್ಟು ಮಾತ್ರ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಕ್ಲಿಪ್ಪಿಗೆ ಸಿಕ್ಕಿಸಬೇಕು. ಕೂದಲಿನಂತಹ ಒಂದೇ ಒಂದು ಎಳೆ ಪಕ್ಕದ ಕ್ಲಿಪ್ಪಿಗೆ ತಾಗಿದರೂ ಆಂಪ್ಲಿಫೈಯರ್ ಸುಡಬಹುದು. ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ ಹೋಗಬೇಕು. ಒಂದು ಸ್ಪೀಕರ್ ಮಾತ್ರ ತಿರುಗುಮುರುಗಾದರೆ ಬಾಸ್ ಕಾಣೆಯಾಗಿ ಹಾಡುಗಾರರ ದನಿ ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದಂತಾಗುತ್ತದೆ. ಗುರುತು ಅಳಿಸಿಹೋಗಿದ್ದರೆ ಆಂಪ್ಲಿಫೈಯರ್‌ನಿಂದ ಕಳಚಿದ ವೈರಿನ ತುದಿಗಳಿಗೆ 1.5 ವೋಲ್ಟ್ ಸೆಲ್ ಅರೆಕ್ಷಣ ತಾಗಿಸಿ ನೋಡಿ: ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್.

ಒಂದೇ ಇನ್‌ಪುಟ್‌ಗೆ ಟಿ.ವಿ.ಯನ್ನೂ ಫೋನನ್ನೂ ವೈ ಕೇಬಲ್‌ನಿಂದ ಸೇರಿಸಬಹುದೇ?

ಸೇರಿಸಬಾರದು. ಒಂದು ಔಟ್‌ಪುಟ್ಟನ್ನು ಎರಡು ಇನ್‌ಪುಟ್‌ಗಳಿಗೆ ಹಂಚಲು ವೈ ಕೇಬಲ್ ಯೋಗ್ಯ. ಎರಡು ಔಟ್‌ಪುಟ್‌ಗಳನ್ನು ಅದರಲ್ಲಿ ಬೆಸೆದರೆ ಒಂದರ ಸಿಗ್ನಲ್ ಇನ್ನೊಂದರೊಳಗೆ ನುಗ್ಗಿ ಎರಡೂ ಕುಗ್ಗುತ್ತವೆ, ಕೆಲವೊಮ್ಮೆ ಕೆಡುತ್ತವೆ. ಗುಂಡಿಯಿರುವ ಸೆಲೆಕ್ಟರ್ ಡಬ್ಬಿ ಅಥವಾ ಸಣ್ಣ ಮಿಕ್ಸರ್ ಬಳಸಿ.

ಭಜನೆಗೆಂದು ಕೊಂಡ ಮೈಕನ್ನು ಆಕ್ಸ್‌ಗೆ ಹಾಕಿದರೆ ಏನೂ ಕೇಳಿಸುವುದಿಲ್ಲ. ಏಕೆ?

ಡೈನಾಮಿಕ್ ಮೈಕಿನ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಆಕ್ಸ್‌ಗೆ ಅದು ಸಾಲದು. ಮೈಕ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಅಥವಾ ಮಿಕ್ಸರ್ ಬೇಕು. ಎಲೆಕ್ಟ್ರಾನಿಕ್ ತಂಬೂರಿಗೆ ಲೈನ್ ಔಟ್ ಇದ್ದರೆ ಅದನ್ನು ಮಾತ್ರ ಆಕ್ಸ್‌ಗೇ ಹಾಕಬಹುದು. ದೂರದಿಂದ ಮೈಕ್ ತಂತಿ ಎಳೆಯುವುದಾದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಜೋಡಣೆ ಒಳ್ಳೆಯದು. ಒಂದೇ ಸಿಗ್ನಲ್ ನೇರವಾಗಿಯೂ ತಿರುಗುಮುರುಗಾಗಿಯೂ ಎರಡು ತಂತಿಗಳಲ್ಲಿ ಸಾಗುವುದರಿಂದ, ದಾರಿಯಲ್ಲಿ ಎರಡಕ್ಕೂ ಸಮನಾಗಿ ಸೇರಿಕೊಂಡ ಗದ್ದಲ ಕೊನೆಯಲ್ಲಿ ಪರಸ್ಪರ ಕಳೆದುಹೋಗುತ್ತದೆ.

ಬ್ಲೂಟೂತ್ ಅಡಾಪ್ಟರ್ ಹಾಕಿದರೆ ತಂತಿಯ ತಂಟೆಯೇ ಇರುವುದಿಲ್ಲವಲ್ಲ?

ಹಾಡು ಕೇಳುವುದಕ್ಕೆ ಧಾರಾಳವಾಗಿ ಹಾಕಬಹುದು. ಆದರೆ ಕೊಳ್ಳುವಾಗ ರಿಸೀವರ್ ಬೇಕೋ ಟ್ರಾನ್ಸ್‌ಮಿಟರ್ ಬೇಕೋ ಎಂದು ತಿಳಿದಿರಬೇಕು: ಹಳೆಯ ಆಂಪ್ಲಿಫೈಯರ್‌ಗೆ ರಿಸೀವರ್, ಹಳೆಯ ಟಿ.ವಿ.ಗೆ ಟ್ರಾನ್ಸ್‌ಮಿಟರ್. ಸಿನಿಮಾ ನೋಡುವಾಗ ಮಾತು ತುಟಿಯ ಚಲನೆಗಿಂತ ಹಿಂದೆ ಬೀಳುವುದುಂಟು. ಕಣ್ಣಿಗೆ ಚುಚ್ಚುವಷ್ಟು ವಿಳಂಬವಾದರೆ ಮತ್ತೆ ತಂತಿಗೇ ಮರಳಬೇಕಾಗುತ್ತದೆ.

ಸಾವಿರಾರು ರೂಪಾಯಿಯ ಕೇಬಲ್‌ನಿಂದ ಧ್ವನಿ ಸುಧಾರಿಸುತ್ತದೆಯೇ?

ಡಿಜಿಟಲ್ ಕೇಬಲ್‌ನಲ್ಲಿ ಸಿಗ್ನಲ್ ತಪ್ಪಿಲ್ಲದೆ ತಲುಪುತ್ತಿದ್ದರೆ ದುಬಾರಿ ಕೇಬಲ್ ಅದಕ್ಕೆ ಸೇರಿಸುವುದು ಏನೂ ಇಲ್ಲ. ಅನಲಾಗ್ ಕೇಬಲ್‌ನಲ್ಲಿ ಒಳ್ಳೆಯ ಹೆಣಿಗೆಯ ಶೀಲ್ಡ್, ಸಡಿಲವಾಗದ ಪಿನ್, ಗಟ್ಟಿ ಬೆಸುಗೆ ಇವಕ್ಕೆ ಹಣ ಕೊಡುವುದು ನ್ಯಾಯ. ಚಿನ್ನದ ಲೇಪನ ತುಕ್ಕು ಹಿಡಿಯುವುದನ್ನು ತಡೆಯುತ್ತದೆ. ಮಂಗಳೂರು, ಕಾರವಾರದಂತಹ ಕರಾವಳಿಯ ಉಪ್ಪುಗಾಳಿಯಲ್ಲಿ ಅದರಿಂದ ಪ್ರಯೋಜನವಿದೆ, ಹಾಡಿನ ಇಂಪಿಗೆ ಅದರ ಕೊಡುಗೆ ಇಲ್ಲ. ಉಳಿದ ಹಣವನ್ನು ಸ್ಪೀಕರಿನ ಮೇಲೆ ಹಾಕಿ.

ಎಲ್ಲ ಆನ್ ಇರುವಾಗಲೇ ಪಿನ್ ಕೀಳುವುದು, ಹಾಕುವುದು ಮಾಡಬಹುದೇ?

ಮಾಡಬಾರದು. ಆರ್‌ಸಿಎ ಪಿನ್ನಿನ ರಚನೆ ಹೇಗಿದೆಯೆಂದರೆ, ಹಾಕುವಾಗ ನಡುವಿನ ಸಿಗ್ನಲ್ ಕಡ್ಡಿ ಮೊದಲು ತಾಗಿ, ಸುತ್ತಲಿನ ಗ್ರೌಂಡ್ ಬಳೆ ಆಮೇಲೆ ತಾಗುತ್ತದೆ. ಆ ನಡುವಿನ ಅರೆಗಳಿಗೆಯಲ್ಲಿ ಹೊರಡುವ ಭರ್ ಎಂಬ ಜೋರು ಸದ್ದು ಸ್ಪೀಕರನ್ನು ಹರಿಯುವಷ್ಟು ಬಲವಾಗಿರಬಹುದು.

ಗೋಡೆಯೊಳಗಿನ ಕರೆಂಟ್ ಪೈಪಿನಲ್ಲೇ ಆಡಿಯೊ ವೈರ್ ಎಳೆಯಬಹುದೇ?

ಬೇಡ. ಗುಂಯ್ ಸದ್ದಿನ ಮಾತು ಹಾಗಿರಲಿ, ಒಳಗೆ ಹೊದಿಕೆ ಸವೆದರೆ ಸ್ಪೀಕರ್ ವೈರಿಗೇ ಮೇನ್ಸ್ ಕರೆಂಟ್ ಬರುತ್ತದೆ. ಹೊಸ ಮನೆ ಕಟ್ಟಿಸುತ್ತಿರುವವರು ಆಡಿಯೊಗೆಂದೇ ಪ್ರತ್ಯೇಕ ಪೈಪನ್ನು, ಕರೆಂಟ್ ಪೈಪಿನಿಂದ ಸುಮಾರು ಒಂದು ಅಡಿ ದೂರದಲ್ಲಿ, ಪ್ಲಾಸ್ಟರಿಂಗ್‌ಗೆ ಮೊದಲೇ ಹಾಕಿಸಬೇಕು. ಎರಡೂ ಅಡ್ಡ ಹಾಯಲೇಬೇಕಾದ ಕಡೆ ಮೂಲೆಮಟ್ಟದ ಕೋನದಲ್ಲಿ ಹಾಯಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ, ಪೈಪಿನೊಳಗೆ ಮುಂದೆ ವೈರ್ ಎಳೆಯಲೆಂದು ಒಂದು ನೈಲಾನ್ ದಾರವನ್ನೂ ಬಿಡಿಸಿಕೊಳ್ಳಿ.